ಫೋರ್ ಬೈ ಫೋರ್ ಗಾಡಿ, ನಮ್ಮ ಎರೆ ನೆಲ, ಹಳ್ಳ, ಗುಡ್ಡ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಈಗ ಥಾರ್, ಜಿಮ್ನಿಯಂಥ ಫೋರ್ ಬೈ ಫೋರ್ (ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವ) ಗಾಡಿ ಕಾಣದ ಊರೇ ಇಲ್ಲ. ಗಾಡಿ ತಗೊಂಡು ಪೂಜೆ ಮಾಡಿಸಿದ ವಾರಕ್ಕೆ ನನಗೆ ಫೋನ್ ಬರುತ್ತದೆ: "ಅಣ್ಣಾ, ಈ ಇನ್ನೊಂದು ಗೇರ್ ರಾಡ್ ಯಾಕಿದೆ?" ನಾನು ಮೆಕ್ಯಾನಿಕ್ ಅಲ್ಲ. ಕುಕನೂರು ಕಡೆ ನಮ್ಮ ಹೊಲ ಇದೆ, ಹಳೆ ಜೀಪಿನಲ್ಲಿ ಓಡಿಸೋದು ಕಲಿತೆ, ಈಗ ಸೆಕೆಂಡ್ ಹ್ಯಾಂಡ್ ಥಾರ್ ಇಟ್ಟುಕೊಂಡಿದ್ದೇನೆ. ಹೂತು ಹೋಗಿದ್ದೇನೆ, ಎಳೆಸಿಕೊಂಡಿದ್ದೇನೆ, ಬೈಸಿಕೊಂಡಿದ್ದೇನೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿ ಎಲ್ಲ ಒಂದೇ ಕಡೆ ಬರೆದಿಟ್ಟೆ.

2ಎಚ್, 4ಎಚ್, 4ಎಲ್ ಅಂದರೆ ಏನು?

ಆ ಇನ್ನೊಂದು ಗೇರ್ ರಾಡ್, ಅಂದರೆ ಲಿವರ್, ಅದನ್ನು ಹಾಕುವ ಮೂರು ಜಾಗ ಇವು. 2ಎಚ್ ಅಂದರೆ ಎಂಜಿನ್ ಶಕ್ತಿ ಹಿಂದಿನ ಎರಡು ಗಾಲಿಗೆ ಮಾತ್ರ. ದಿನನಿತ್ಯದ ಓಡಾಟಕ್ಕೆಲ್ಲ ಇದೇ. 4ಎಚ್ ಹಾಕಿದರೆ ಮುಂದಿನ ಗಾಲಿಗೂ ಶಕ್ತಿ ಹೋಗುತ್ತದೆ, ವೇಗ ಮಾಮೂಲಿನಂತೆಯೇ ಇರುತ್ತದೆ. ರಾಡಿ, ಉಸುಕು, ಸಡಿಲ ಜಲ್ಲಿ ಇದ್ದಲ್ಲಿ ಇದು ಬೇಕು. 4ಎಲ್ ಬೇರೆಯೇ ಲೆಕ್ಕ. ಗೇರ್ ಇನ್ನೂ ತಗ್ಗುತ್ತದೆ, ಹೆಚ್ಚಿನ ಗಾಡಿಗಳಲ್ಲಿ ಎಳೆಯುವ ಬಲ ಎರಡರಿಂದ ಎರಡೂವರೆ ಪಟ್ಟು ಆಗುತ್ತದೆ, ವೇಗ ಅಷ್ಟೇ ಪಟ್ಟು ಇಳಿಯುತ್ತದೆ. ಕಡಿದಾದ ಏರು, ಇಳಿಜಾರು, ಬಂಡೆ, ಹೂತ ಗಾಡಿ ಹೊರಗೆ ತೆಗೆಯುವುದು, ಇಂಥದ್ದಕ್ಕೆ ಮಾತ್ರ.

ಜಾಸ್ತಿ ಜನ ತಪ್ಪು ಮಾಡೋದು ಎಲ್ಲಿ ಅಂದರೆ, ಹೂತ ಮೇಲೆ 4ಎಚ್ ನೆನಪಾಗುತ್ತದೆ. ರಾಡಿ ಕಣ್ಣಿಗೆ ಬಿದ್ದಾಗಲೇ ಹಾಕಬೇಕು. ಒಳಗೆ ಇಳಿದು, ಗಾಲಿ ಗಿರ್ರನೆ ತಿರುಗಿ, ಗುಂಡಿ ತೋಡಿಕೊಂಡ ಮೇಲೆ ಹಾಕಿದರೆ ನಾಲ್ಕು ಗಾಲಿಯೂ ಸೇರಿ ಗುಂಡಿ ತೋಡುತ್ತವೆ, ಅಷ್ಟೇ.

ಫೋರ್ ಬೈ ಫೋರ್ ಇದೆಯಲ್ಲ, ಯಾವಾಗಲೂ ಹಾಕಿಕೊಂಡೇ ಓಡಿಸಬಹುದಾ?

ಒಣಗಿದ ಡಾಂಬರು ರೋಡಿನಲ್ಲಿ ಬೇಡವೇ ಬೇಡ. ಥಾರ್, ಜಿಮ್ನಿ, ಗೂರ್ಖಾ, ಹಳೆ ಜೀಪು, ಇವೆಲ್ಲ ಬೇಕಾದಾಗ ಮಾತ್ರ ಹಾಕುವ ಮಾದರಿಯವು. 4ಎಚ್ ಹಾಕಿದಾಗ ಗಾಲಿಗೆ ಶಕ್ತಿ ಒಯ್ಯುವ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಗಾಲಿಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಸಣ್ಣ ಸುತ್ತು. ಈ ವ್ಯತ್ಯಾಸ ಎಲ್ಲೋ ಒಂದು ಕಡೆ ಹೋಗಬೇಕಲ್ವಾ? ರಾಡಿಯಲ್ಲಾದರೆ ಟೈರ್ ಸ್ವಲ್ಪ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಟೈರ್ ಜಾರುವುದಿಲ್ಲ, ಎಲ್ಲ ಒತ್ತಡ ಶಾಫ್ಟ್, ಗೇರ್, ಜಾಯಿಂಟ್ ಮೇಲೆ ಬೀಳುತ್ತದೆ.

ಗೊತ್ತಾಗುವುದು ಹೀಗೆ: ಪೆಟ್ರೋಲ್ ಬಂಕಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಗಾಡಿ ತಡೆದು ತಡೆದು ಹೋಗುತ್ತದೆ, ಕೆಳಗಿನಿಂದ ಕಟ್ ಕಟ್ ಅನ್ನುತ್ತದೆ. ಆಗ 2ಎಚ್‌ಗೆ ಹಾಕಲು ಹೋದರೆ ಲಿವರ್ ಬರುವುದೂ ಇಲ್ಲ. ಜೋರು ಮಾಡಬೇಡಿ. ಸ್ಟೇರಿಂಗ್ ನೇರ ಮಾಡಿ, ರಿವರ್ಸ್‌ನಲ್ಲಿ ನಾಲ್ಕೈದು ಮೀಟರ್ ಹಿಂದೆ ಬನ್ನಿ. ಬಿಗಿ ಬಿಟ್ಟು ಲಿವರ್ ತಾನೇ ಸಡಿಲ ಆಗುತ್ತದೆ.

ಲಿವರ್ ಹಾಕುವ ಸರಿಯಾದ ರೀತಿ?

2ಎಚ್‌ನಿಂದ 4ಎಚ್‌ಗೆ ಈಗಿನ ಹೆಚ್ಚಿನ ಗಾಡಿಗಳಲ್ಲಿ ಓಡುತ್ತಿರುವಾಗಲೇ ಹಾಕಬಹುದು, ಗಾಡಿ ನೇರ ಹೋಗುತ್ತಿರಬೇಕು. ಎಷ್ಟು ವೇಗದವರೆಗೆ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇದೆ, ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ಹೊರಗೆ ತೆಗೆದು ಒಮ್ಮೆ ಓದಿ. 4ಎಲ್‌ಗೆ ಮಾತ್ರ ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿ ಹಾಕಬೇಕು. ಹಳೆ ಜೀಪುಗಳಲ್ಲಿ ಕೆಲವಕ್ಕೆ ಮುಂದಿನ ಗಾಲಿಯ ನಡುವಿನ ಹಬ್ ಅನ್ನು ಕೆಳಗಿಳಿದು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಅದನ್ನು ಮರೆತು "ಫೋರ್ ಬೈ ಫೋರ್ ಕೆಲಸ ಮಾಡ್ತಿಲ್ಲ" ಅಂತ ಗ್ಯಾರೇಜಿಗೆ ಹೋದವರನ್ನು ನೋಡಿದ್ದೇನೆ.

ತಿಂಗಳಿಗೊಮ್ಮೆ ಯಾವುದಾದರೂ ಮಣ್ಣಿನ ದಾರಿಯಲ್ಲಿ 4ಎಚ್ ಹಾಕಿ ಒಂದಷ್ಟು ದೂರ ಓಡಿಸಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಬೇಕಾದ ದಿನವೇ ಕೈ ಕೊಡುತ್ತದೆ.

ಫೋರ್ ಬೈ ಫೋರ್ ಇದ್ದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆಯಾ?

ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಎಲ್ಲ ಕಾರಿಗೂ ಬ್ರೇಕ್ ಇರುವುದು ನಾಲ್ಕು ಗಾಲಿಗೇ. ಫೋರ್ ಬೈ ಫೋರ್ ಗಾಡಿಯನ್ನು ಮುಂದೆ ನೂಕಲು ಸಹಾಯ ಮಾಡುತ್ತದೆ, ನಿಲ್ಲಿಸಲು ಅಲ್ಲ. ಮಳೆಯಲ್ಲಿ 4ಎಚ್ ಹಾಕಿಕೊಂಡವರಿಗೆ ಗಾಡಿ ಗಟ್ಟಿಯಾಗಿ ಹೋಗುತ್ತಿದೆ ಅನ್ನಿಸಿ ಧೈರ್ಯ ಬರುತ್ತದೆ, ಆ ಧೈರ್ಯವೇ ಅಪಾಯ. ಮೇಲಿಂದ ಈ ಗಾಡಿಗಳು ತೂಕ, ಎತ್ತರವೂ ಜಾಸ್ತಿ. 100ರಲ್ಲಿ ಹೋಗುತ್ತಿರುವಾಗ ನಾಯಿ ಅಡ್ಡ ಬಂತು ಅಂತ ಸ್ಟೇರಿಂಗ್ ಜಗ್ಗಿದರೆ ಸಣ್ಣ ಕಾರು ಜಾರಬಹುದು, ಇದು ಉರುಳುತ್ತದೆ. ನೇರ ಹಿಡಿದು ಬ್ರೇಕ್ ಒತ್ತಿ.

ಸಂಡೂರು ಕಡೆ ಅದಿರು ಲಾರಿ ಓಡಾಡುವ ರೋಡಿನಲ್ಲಿ ಇನ್ನೊಂದು ವಿಷಯ ನೆನಪಿಡಿ. ಕೆಂಪು ಧೂಳು ರೋಡಿನ ಮೇಲೆ ಹಿಟ್ಟಿನಂತೆ ಕೂತಿರುತ್ತದೆ. ಮೊದಲ ತುಂತುರು ಬಿದ್ದ ಅರ್ಧ ತಾಸು ಅದು ಸೋಪು ಹಚ್ಚಿದ ಕಲ್ಲಿನಂತೆ. ಜೋರು ಮಳೆ ಬಂದು ತೊಳೆದ ಮೇಲೆ ಎಷ್ಟೋ ವಾಸಿ.

ಎರೆ ಹೊಲದಲ್ಲಿ ಮಳೆ ಬಂದ ಮೇಲೆ ಗಾಡಿ ಇಳಿಸಬಹುದಾ?

ನನ್ನ ಉತ್ತರ: ಇಳಿಸಬೇಡಿ, ಒಂದೆರಡು ದಿನ ಚೆನ್ನಾಗಿ ಬಿಸಿಲು ಬೀಳಲಿ. ಮಸಾರಿ (ಕೆಂಪು) ನೆಲ ಬೇರೆ, ಎರೆ (ಕಪ್ಪು) ನೆಲ ಬೇರೆ. ಮಸಾರಿಯಲ್ಲಿ ನೀರು ಇಳಿದು ಹೋಗುತ್ತದೆ, ಕೆಳಗೆ ಗಟ್ಟಿ ಸಿಗುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ. ಟೈರಿನ ಗೆರೆಗಳ ಸಂದಿಯಲ್ಲಿ ಮೆತ್ತಿಕೊಂಡು ಮೊದಲ ಹತ್ತು ಸುತ್ತಿಗೇ ಹೊಸ ಟೈರು ಬೋಳು ಟೈರ್ ಆಗುತ್ತದೆ. ಅಲ್ಲಿಗೆ ನಾಲ್ಕು ಗಾಲಿ ತಿರುಗಿದರೂ ಒಂದೇ, ಎರಡು ತಿರುಗಿದರೂ ಒಂದೇ.

ನನ್ನ ಕಥೆ ಹೇಳುತ್ತೇನೆ. ಹಿಂಗಾರಿ ಕಾಲ, ರಾತ್ರಿ ಮಳೆ ಆಗಿತ್ತು, ಬೆಳಗ್ಗೆ ಬಿಸಿಲು ಬಂದು ಮೇಲ್ಪದರ ಒಣಗಿದಂತೆ ಬೆಳ್ಳಗೆ ಕಾಣುತ್ತಿತ್ತು. ಕಡಲೆ ನೋಡಿ ಬರೋಣ ಅಂತ ಬದುವಿನ ಪಕ್ಕ ಇಳಿಸಿದೆ. ಮೂವತ್ತು ಹೆಜ್ಜೆ ದೂರ ಹೋಗಿರಬಹುದು, ಮೇಲಿನ ಹಪ್ಪಳದಂಥ ಪದರ ಒಡೆಯಿತು. ಸ್ಟೇರಿಂಗ್ ಎಡಕ್ಕೆ ತಿರುಗಿಸುತ್ತೇನೆ, ಗಾಡಿ ಬಲಕ್ಕೆ ಹೋಗುತ್ತದೆ. ಕೆಳಗಿಳಿದು ನೋಡಿದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಲು ಜಾಗ ಇಲ್ಲದಂತೆ ಮಣ್ಣು ತುಂಬಿತ್ತು, ಗಾಲಿ ತಿರುಗಲು ಜಾಗವೇ ಇರಲಿಲ್ಲ. ಕುಡುಗೋಲಿನಿಂದ ಕೆರೆದು ಕೆರೆದು ತೆಗೆದೆ, ಒಂದು ಗಾಲಿಯಿಂದ ಎರಡು ಬುಟ್ಟಿ ಮಣ್ಣು. ನನ್ನ ಚಪ್ಪಲಿ ಒಂದು ಇನ್ನೂ ಅಲ್ಲೇ ಇದೆ. ಟ್ರ್ಯಾಕ್ಟರ್ ತಂದ ಕಾಕಾ ಬದುವಿನ ಮೇಲೆ ನಿಂತು, "ತಮ್ಮಾ, ಎರಿ ಹೊಲ್ದಾಗ ಆನಿ ಇಳದ್ರೂ ಹೂಳತೈತಿ, ನಿಂದೇನು ಜೀಪು" ಅಂದು, ಟ್ರ್ಯಾಕ್ಟರನ್ನು ಹೊಲಕ್ಕೆ ಇಳಿಸದೆ ದಾರಿಯ ಮೇಲೇ ನಿಲ್ಲಿಸಿ ಉದ್ದ ಹಗ್ಗ ಕಟ್ಟಿದ.

ಹೋಗಲೇಬೇಕಾದ ಪರಿಸ್ಥಿತಿ ಬಂದರೆ ಮೊದಲು ನಡೆದು ನೋಡಿ. ಹಿಮ್ಮಡಿ ಒತ್ತಿದಾಗ ಹೂತು ನೀರು ಒಸರಿದರೆ ವಾಪಸ್ ಬನ್ನಿ. ಗಟ್ಟಿ ಇದೆ ಅನ್ನಿಸಿದರೆ 4ಎಚ್, ಎರಡನೇ ಗೇರ್, ಒಂದೇ ಸಮ ಎಕ್ಸಲೇಟರ್, ನಡುವೆ ನಿಲ್ಲಿಸಬೇಡಿ, ಬಂಡಿ ಜಾಡು ಇದ್ದರೆ ಅದರಲ್ಲೇ ಹೋಗಿ. ಜಾಡು ತೀರಾ ಆಳ ಇದ್ದು ನಡುವಿನ ದಿಣ್ಣೆ ಗಾಡಿಯ ಹೊಟ್ಟೆಗೆ ತಾಗುವಂತಿದ್ದರೆ ಒಂದು ಕಡೆ ಗಾಲಿಯನ್ನು ದಿಣ್ಣೆಯ ಮೇಲೆ ಇಟ್ಟುಕೊಂಡು ಹೋಗಬೇಕು. ಸ್ಟೇರಿಂಗ್ ಹಿಡಿದಾಗ ಹೆಬ್ಬೆರಳು ಒಳಗೆ ಸಿಕ್ಕಿಸಬೇಡಿ, ಗಾಲಿಗೆ ಕಲ್ಲು ಬಡಿದರೆ ಸ್ಟೇರಿಂಗ್ ತಟ್ಟನೆ ತಿರುಗಿ ಬೆರಳು ಮುರಿಯುತ್ತದೆ.

ಹೂತೇ ಹೋಯಿತು. ಈಗ?

ಎಕ್ಸಲೇಟರಿನಿಂದ ಕಾಲು ತೆಗೆಯಿರಿ. ಇನ್ನೂ ನಾಲ್ಕು ಸಲ ಒತ್ತಿದರೆ ಬಂದೀತು ಅನ್ನಿಸುತ್ತದೆ, ಬರುವುದಿಲ್ಲ. ಪ್ರತಿ ಗಾಲಿಯ ಮುಂದಿನ ಮಣ್ಣನ್ನು ಸಲಿಕೆಯಿಂದ ಇಳಿಜಾರಾಗಿ ತೆಗೆಯಿರಿ, ಗಾಡಿಯ ಹೊಟ್ಟೆ ನೆಲಕ್ಕೆ ಕೂತಿದ್ದರೆ ಅದರ ಕೆಳಗಿಂದಲೂ. ಗಾಲಿ ಕೆಳಗೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕಲ್ಲು, ಗೋಣಿ ಚೀಲ, ಏನು ಸಿಗುತ್ತದೋ ಅದನ್ನು ತುರುಕಿ. ಬಂದ ದಾರಿ ಗಟ್ಟಿ ಇತ್ತಲ್ಲ, ಹಾಗಾಗಿ ಮುಂದೆ ಹೋಗುವುದಕ್ಕಿಂತ ಹಿಂದೆ ಬರುವುದು ಸುಲಭ. ಗಾಲಿಯ ಹಿಂದೆ ಯಾರೂ ನಿಲ್ಲಬಾರದು, ತಿರುಗುವ ಗಾಲಿ ಕಲ್ಲನ್ನು ಕವಣೆಯಂತೆ ಎಸೆಯುತ್ತದೆ.

ಒಂದು ಮುಂದಿನ ಗಾಲಿ, ಒಂದು ಹಿಂದಿನ ಗಾಲಿ ಮಾತ್ರ ತಿರುಗುತ್ತಾ ಉಳಿದೆರಡು ಸುಮ್ನೆ ನಿಂತಿದ್ದರೆ ಗಾಡಿ ಕೆಟ್ಟಿಲ್ಲ. ಡಿಫರೆನ್ಶಿಯಲ್ (ಎಡ ಬಲ ಗಾಲಿಗೆ ಶಕ್ತಿ ಹಂಚುವ ಗೇರ್) ಸ್ವಭಾವವೇ ಹಾಗೆ, ಸುಲಭವಾಗಿ ತಿರುಗುವ ಕಡೆಗೇ ತಿರುಗಿಸುತ್ತದೆ. ಎರಡೂ ಕಡೆಯ ಗಾಲಿ ಒಟ್ಟಿಗೇ ತಿರುಗುವಂತೆ ಮಾಡುವ ಡಿಫ್ ಲಾಕ್ ಇದ್ದರೆ ಈಗ ಹಾಕಿ, ಹೊರಗೆ ಬಂದ ಕೂಡಲೇ ತೆಗೆಯಿರಿ.

ಟ್ರ್ಯಾಕ್ಟರಿನಿಂದ ಎಳೆಸುವಾಗ ಏನು ನೋಡಬೇಕು?

ಹೂತಾಗ ಯಾರೂ ಸಾಯುವುದಿಲ್ಲ, ಎಳೆಯುವಾಗ ಸಾಯುತ್ತಾರೆ. ಹಗ್ಗವೋ ಸರಪಳಿಯೋ ಹರಿದರೆ, ಇಲ್ಲ ಕೊಕ್ಕೆ ಕಿತ್ತು ಬಂದರೆ, ಗುಂಡು ಹಾರಿದಂತೆ ಹಾರುತ್ತದೆ. ಹಗ್ಗದ ಉದ್ದಕ್ಕಿಂತ ಒಂದೂವರೆ ಪಟ್ಟು ದೂರದಲ್ಲಿ ಎಲ್ಲರೂ ನಿಲ್ಲಬೇಕು, ಮಕ್ಕಳು ಇನ್ನೂ ದೂರ. ನಮ್ಮೂರಲ್ಲಿ ಗಾಡಿ ಹೂತರೆ ಅರ್ಧ ಊರು ಬಂದು ಹಗ್ಗದ ಪಕ್ಕದಲ್ಲೇ ನಿಂತು ಸಲಹೆ ಕೊಡುತ್ತದೆ, ಮೊದಲು ಅವರನ್ನು ಕೈ ಮುಗಿದು ಕಳಿಸಿ. ಹಗ್ಗದ ನಡುವೆ ಒಂದು ಒದ್ದೆ ಗೋಣಿ ಚೀಲ ಹೊದಿಸಿ, ಹರಿದರೆ ಅದು ಹಗ್ಗವನ್ನು ನೆಲಕ್ಕೆ ಬೀಳಿಸುತ್ತದೆ.

ಹಗ್ಗ ಕಟ್ಟುವುದು ಗಾಡಿಯ ಟೋ ಕೊಕ್ಕೆಗೆ. ಬಂಪರಿಗೆ, ಆಕ್ಸಲ್‌ಗೆ, ಸ್ಟೇರಿಂಗ್ ರಾಡಿಗೆ ಕಟ್ಟಬೇಡಿ. ನನ್ನ ಹಳೆ ಜೀಪಿನ ಬಂಪರ್ ಒಮ್ಮೆ ಟ್ರ್ಯಾಕ್ಟರ್ ಹಿಂದೆ ಒಂಟಿಯಾಗಿ ದಾರಿವರೆಗೆ ಹೋಗಿತ್ತು, ಜೀಪು ಅಲ್ಲೇ ಇತ್ತು. ಸರಪಳಿಯಲ್ಲಿ ಝಟ್ಟನೆ ಜಗ್ಗಿಸಬೇಡಿ, ಅದು ಹಿಗ್ಗುವುದಿಲ್ಲ, ಪೆಟ್ಟು ಪೂರ್ತಿ ಗಾಡಿಗೆ ಬೀಳುತ್ತದೆ. ಮೊದಲು ಬಿಗಿ ಆಗಲಿ, ಆಮೇಲೆ ನಿಧಾನ ಎಳೆಯಲಿ. ಟ್ರ್ಯಾಕ್ಟರ್ ಕಡೆಯೂ ಹಗ್ಗ ಕೆಳಗಿನ ಕೊಕ್ಕೆಯಲ್ಲೇ ಇರಬೇಕು. ಮೇಲೆ, ಸೀಟಿನ ಮಟ್ಟಕ್ಕೆ ಕಟ್ಟಿದರೆ ಟ್ರ್ಯಾಕ್ಟರಿನ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ. ಸಹಾಯಕ್ಕೆ ಬಂದವನ ಜೀವ ಅದು.

ಟೈರ್ ಗಾಳಿ ಕಡಿಮೆ ಮಾಡಬೇಕು ಅಂತಾರೆ, ಎಷ್ಟು?

ಗಾಳಿ ಕಡಿಮೆ ಮಾಡಿದರೆ ಟೈರ್ ನೆಲಕ್ಕೆ ಉದ್ದಕ್ಕೆ ಕೂರುತ್ತದೆ, ತೂಕ ಹರಡುತ್ತದೆ. ರೋಡಿನಲ್ಲಿ 30ರ ಆಸುಪಾಸು ಇರುವ ಗಾಡಿಗೆ ಕಲ್ಲು ದಾರಿಯಲ್ಲಿ 22–25 ಪಿಎಸ್‌ಐ, ಉಸುಕಿನಲ್ಲಿ 15–18. ಇನ್ನೂ ಇಳಿಸಿದರೆ ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಇಳಿಸಿದ ಮೇಲೆ ತಾಸಿಗೆ 30 ಕಿ.ಮೀ. ವೇಗ ಮೀರಿ ಓಡಿಸಬೇಡಿ, ಡಾಂಬರು ಸಿಕ್ಕ ಕೂಡಲೇ ತುಂಬಿಸಿ. 12 ವೋಲ್ಟಿನ ಸಣ್ಣ ಕಂಪ್ರೆಸರ್ ಗಾಡಿಯಲ್ಲಿ ಇಲ್ಲದಿದ್ದರೆ ಗಾಳಿ ಇಳಿಸುವ ಯೋಚನೆಯೇ ಬೇಡ. ಕಡಿಮೆ ಗಾಳಿಯಲ್ಲಿ ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಹೈವೇ ಹತ್ತಿದರೆ ಟೈರ್ ಬಿಸಿಯಾಗಿ ಸಿಡಿಯುತ್ತದೆ.

ಹಾಂ, ಬಳ್ಳಾರಿ ಜಾಲಿ. ನಮ್ಮ ಹಳ್ಳದ ದಂಡೆ, ಕಾಲುವೆ ದಂಡೆ ಎಲ್ಲ ಇದೇ. ಅದರ ಮುಳ್ಳು ಟೈರಿನಲ್ಲಿ ಮುರಿದು ಕೂತು ಎರಡು ದಿನ ಬಿಟ್ಟು ಪಂಚರ್ ಮಾಡುತ್ತದೆ. ಟ್ಯೂಬ್‌ಲೆಸ್ ಪಂಚರ್ ಕಿಟ್ ಇರಲಿ, ಸ್ಟೆಪ್ನಿಯ ಗಾಳಿ ಆಗಾಗ ನೋಡಿ.

ಹಳ್ಳ ಬಂದಿದೆ. ನನ್ನ ಗಾಡಿ 650 ಮಿ.ಮೀ. ನೀರಲ್ಲಿ ಹೋಗುತ್ತದೆ ಅಂತ ಕಂಪನಿ ಹೇಳಿದೆ. ದಾಟಲಾ?

ಆ 650 ಮಿ.ಮೀ. ನಿಂತ ನೀರಿಗೆ. ಹರಿಯುವ ನೀರು ಎಂಜಿನ್ ಕೆಡಿಸುವ ಮೊದಲು ಗಾಡಿಯನ್ನೇ ಎತ್ತುತ್ತದೆ. ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನು ಸರಿಸುತ್ತದೆ, ಎರಡು ಅಡಿ ನೀರು ಥಾರ್‌ನಂಥ ಗಾಡಿಯನ್ನೂ ತೇಲಿಸಿಕೊಂಡು ಹೋಗುತ್ತದೆ. ಹಗುರ ಆದ ಗಾಲಿಗೆ ಹಿಡಿತ ಎಲ್ಲಿಂದ ಬರಬೇಕು?

ನಮ್ಮ ಹಳ್ಳಗಳ ಸ್ವಭಾವ ಬೇರೆ. ವರ್ಷವಿಡೀ ಒಣಗಿ ಬಿದ್ದಿರುತ್ತವೆ, ಮೇಲೆ ಎಲ್ಲೋ ಮಳೆ ಆಗಿ ಇಲ್ಲಿ ಬಿಸಿಲಿರುವಾಗಲೇ ಬರುತ್ತವೆ, ಬಂದ ಹಾಗೆಯೇ ಎರಡು ಮೂರು ತಾಸಿನಲ್ಲಿ ಇಳಿಯುತ್ತವೆ. ಕೆಂಪು ನೀರಿನಲ್ಲಿ ಕೆಳಗಿನ ಸ್ಲ್ಯಾಬ್ ಇದೆಯೋ ಕೊಚ್ಚಿ ಹೋಗಿದೆಯೋ ಕಾಣುವುದಿಲ್ಲ. ಹಾಗಾಗಿ ಕಾದು ಕೂರುವುದೇ ಸರಿ. ದಂಡೆಯ ಮೇಲೆ ಚಹಾ ಕುಡಿದು ಎರಡು ತಾಸು ಮಾತಾಡಿದರೆ ಏನೂ ಹೋಗುವುದಿಲ್ಲ. ಬಸ್ಸಿನವನು ದಾಟಿದ ಅಂತ ಹಿಂದೆ ಹೋಗಬೇಡಿ, ಬಸ್ಸಿನ ತೂಕ ಎಷ್ಟು, ನಿಮ್ಮ ಗಾಡಿಯ ತೂಕ ಎಷ್ಟು?

ನಿಂತ ನೀರು, ಇಲ್ಲ ಮೊಣಕಾಲಿಗಿಂತ ಕೆಳಗೆ ನಿಧಾನ ಹರಿಯುವ ನೀರಾದರೆ ಕೋಲು ಹಿಡಿದು ನಡೆದು ದಾಟಿ ನೋಡಿ. ನಡೆಯಲು ಹೆದರಿಕೆ ಆಗುವಲ್ಲಿ ಗಾಡಿಯೂ ಬೇಡ. ಆಮೇಲೆ 4ಎಲ್, ಎರಡನೇ ಗೇರ್, ಸೀಟ್ ಬೆಲ್ಟ್ ಬಿಚ್ಚಿ ಕಿಟಕಿ ಇಳಿಸಿ (ಬೆಲ್ಟ್ ಬಿಚ್ಚಿ ಅಂತ ನಾನು ಹೇಳುವುದು ಇದೊಂದೇ ಜಾಗದಲ್ಲಿ), ನಡಿಗೆಯ ವೇಗದಲ್ಲಿ ಇಳಿದು ಅದೇ ವೇಗದಲ್ಲಿ ಹೊರಗೆ ಬನ್ನಿ. ನಡುವೆ ಗೇರ್ ಬದಲಿಸಬೇಡಿ. ನೀರು ಎಗರಿಸಿಕೊಂಡು ಜೋರಾಗಿ ನುಗ್ಗುವುದು ವಿಡಿಯೋಗೆ ಚೆಂದ, ಎಂಜಿನ್ ಗಾಳಿ ಎಳೆಯುವ ಪೈಪಿಗೆ ನೀರು ಹೋಗುವುದೂ ಹಾಗೆ ನುಗ್ಗಿದಾಗಲೇ. ಎಂಜಿನ್ ನೀರಿನಲ್ಲಿ ಬಂದ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆಸಿಕೊಂಡು ಹೋದರೆ ಸಾವಿರಗಳಲ್ಲಿ ಮುಗಿಯುತ್ತದೆ, ಸ್ಟಾರ್ಟ್ ಮಾಡಿದರೆ ಲಕ್ಷ.

ದಾಟಿದ ಮೇಲೆ ಬ್ರೇಕ್ ಒದ್ದೆ ಇರುತ್ತದೆ, ನಿಧಾನ ಹೋಗುತ್ತಾ ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿ.

ತುಂಗಭದ್ರೆಯ ಉಸುಕಿನಲ್ಲಿ ಓಡಿಸಿ ಕಲಿಯಬಹುದಾ?

ಬೇಡ. ಉಸುಕು ತೆಗೆದ ಗುಂಡಿಗಳು ಅಲ್ಲಲ್ಲಿ ಇವೆ, ಮೇಲೆ ನೋಡಲು ಸಮ. ಮೊಸಳೆಯೂ ಇದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶ ಮಾಡಿದ್ದಾರೆ, ಅಲ್ಲಿ ಗಾಡಿ ಇಳಿಸಿದರೆ ಕೇಸ್ ಹಾಕಿಸಿಕೊಳ್ಳುತ್ತೀರಿ. ಎಲ್ಲಕ್ಕಿಂತ ದೊಡ್ಡ ಅಪಾಯ ತುಂಗಭದ್ರಾ ಡ್ಯಾಂ. ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಗೇಟ್ ತೆಗೆದರೆ ಹೊಳೆ ಏರುತ್ತದೆ, ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದು ಹೀಗೆಯೇ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿ ಹೋದದ್ದು ರಾತ್ರೋರಾತ್ರಿ. ಕೃಷ್ಣೆಯ ಕಡೆಯೂ ನಾರಾಯಣಪುರ ಡ್ಯಾಂನಿಂದ ನೀರು ಬಿಟ್ಟರೆ ಶೀಲಹಳ್ಳಿ ಸೇತುವೆಯ ಗತಿ ಅದೇ.

ಗುಡ್ಡ ಏರುವಾಗ ಅರ್ಧಕ್ಕೇ ನಿಂತರೆ?

ಗಾಡಿ ತಿರುಗಿಸಬೇಡಿ. ಇಳಿಜಾರಿನಲ್ಲಿ ಅಡ್ಡ ಆದ ಗಾಡಿ ಉರುಳುತ್ತದೆ. ಬ್ರೇಕ್ ಹಿಡಿದು, 4ಎಲ್‌ನಲ್ಲೇ ರಿವರ್ಸ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಬಂದ ಜಾಡಿನಲ್ಲೇ ನೇರ ಹಿಂದೆ ಇಳಿಯಿರಿ. ನ್ಯೂಟ್ರಲ್‌ನಲ್ಲಿ ಹಿಂದೆ ಬಿಟ್ಟರೆ ಬ್ರೇಕ್ ಒಂದೇ ಸಾಲದು.

ಇಳಿಯುವಾಗಲೂ 4ಎಲ್, ಮೊದಲ ಗೇರ್, ಎಂಜಿನ್ನೇ ಹಿಡಿದು ಇಳಿಸಲಿ. ಕ್ಲಚ್ ಮುಟ್ಟಬೇಡಿ. ಹಿಂಭಾಗ ಜಾರಿ ಅಡ್ಡ ಆಗುತ್ತಿದೆ ಅನ್ನಿಸಿದರೆ ಬ್ರೇಕ್ ಬಿಟ್ಟು ಒಂದು ಚೂರು ಎಕ್ಸಲೇಟರ್ ಕೊಡಿ, ನೇರ ಆಗುತ್ತದೆ. ಕೈ ಕಾಲು ಕೇಳುವುದಿಲ್ಲ, ಅದಕ್ಕೇ ಮೊದಲು ಸಣ್ಣ ದಿಬ್ಬದಲ್ಲಿ ರೂಢಿ ಮಾಡಿ. ತುದಿ ಆಚೆ ಏನಿದೆ ಅಂತ ಕಾಣದ ಏರಿಗೆ ಮೊದಲು ನಡೆದು ಹತ್ತಿ. ನಮ್ಮ ಗುಡ್ಡಗಳಲ್ಲಿ ಆಚೆ ಕಲ್ಲು ಕ್ವಾರಿಯೂ ಇರಬಹುದು.

ಸಂಡೂರು, ದರೋಜಿ ಕಡೆಯ ಗುಡ್ಡ ಬಹುಪಾಲು ಅರಣ್ಯ ಇಲಾಖೆಯದು. ಅನುಮತಿ ಇಲ್ಲದೆ ದಾರಿ ಬಿಟ್ಟು ಒಳಗೆ ಹೋಗಬೇಡಿ. ದರೋಜಿ ಕರಡಿಧಾಮ, ಅಲ್ಲಿ ಹೂತರೆ ಕೆಳಗಿಳಿದು ಸಲಿಕೆ ಹಿಡಿಯುವುದನ್ನು ಒಮ್ಮೆ ಯೋಚಿಸಿ.

ರೋಡಿನ ಮೇಲೆ ರಾಶಿ ಹಾಕಿರುತ್ತಾರೆ. ಎತ್ತರದ ಗಾಡಿ ಅಲ್ವಾ, ಹತ್ತಿಸಿಕೊಂಡು ಹೋಗಬಹುದಾ?

ಭತ್ತ, ಜೋಳದ ಕಾಳು ಹರವಿದ್ದರೆ ಅದರ ಮೇಲೆ ಬ್ರೇಕ್ ಒತ್ತಬೇಡಿ, ಕಾಳು ಗೋಲಿಯಂತೆ ಉರುಳುತ್ತದೆ. ದೊಡ್ಡ ಅಪಾಯ ಹುರುಳಿ, ಸಜ್ಜೆ ಒಕ್ಕಣೆಗೆ ಹಾಕಿದ ಹೊಟ್ಟು, ಬಳ್ಳಿ. ಅದು ಗಾಡಿ ಕೆಳಗಿನ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತದೆ, ಹೀಗೆ ಕಾರು ಸುಟ್ಟು ಹೋದ ಸುದ್ದಿ ನಮ್ಮ ಕಡೆ ಹೊಸದಲ್ಲ. ಫೋರ್ ಬೈ ಫೋರ್‌ನಲ್ಲಿ ಮುಂದೆಯೂ ಶಾಫ್ಟ್ ಇದೆ, ಅಂದರೆ ಸುತ್ತಿಕೊಳ್ಳಲು ಇನ್ನೊಂದು ಜಾಗ. ಪಕ್ಕಕ್ಕೆ ಸುತ್ತಿಕೊಂಡು ಹೋಗಿ. ಮೇಲೆ ಹತ್ತಿಸಲೇಬೇಕಾಗಿ ಬಂದರೆ ಸ್ವಲ್ಪ ಮುಂದೆ ನಿಲ್ಲಿಸಿ ಬಗ್ಗಿ ನೋಡಿ, ಸುಟ್ಟ ವಾಸನೆ ಬಂದರೆ ಎಲ್ಲರನ್ನೂ ಮೊದಲು ಇಳಿಸಿ. ಒಣ ಹುಲ್ಲಿನ ಮೇಲೆ ಬಿಸಿ ಗಾಡಿ ನಿಲ್ಲಿಸುವುದೂ ಅಷ್ಟೇ ಅಪಾಯ.

ಮುಂದೆ ಕಬ್ಬಿಣದ ಗಾರ್ಡ್, ದೊಡ್ಡ ಟೈರ್ ಹಾಕಿಸಲಾ?

ಗಾರ್ಡ್ ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಇಲಾಖೆ ಇವುಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಹೇಳಿದೆ. ಡಿಕ್ಕಿಯ ಪೆಟ್ಟನ್ನು ಹೀರಿಕೊಳ್ಳಬೇಕಾದ ಭಾಗ ಕೆಲಸ ಮಾಡುವುದಿಲ್ಲ, ಎದುರಿನವರಿಗಂತೂ ಅದು ಹಾರೆ ಇದ್ದಂತೆ. ತೀರಾ ದೊಡ್ಡ ಟೈರ್ ಹಾಕಿದರೆ ಬ್ರೇಕ್ ದೂರ ಹೆಚ್ಚಾಗುತ್ತದೆ, ಉರುಳುವುದು ಇನ್ನೂ ಸುಲಭ. ಆ ದುಡ್ಡಿಗೆ ಒಳ್ಳೆ ಹಗ್ಗ, ಎರಡು ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ), ಕಂಪ್ರೆಸರ್ ಬರುತ್ತದೆ.

ಎರಡೇ ಟೈರ್ ಬದಲಿಸಬಹುದಾ?

ಫೋರ್ ಬೈ ಫೋರ್‌ನಲ್ಲಿ ನಾಲ್ಕೂ ಒಂದೇ ಅಳತೆ, ಸುಮಾರು ಒಂದೇ ಸವೆತ ಇರಬೇಕು. ಮುಂದೆ ಹೊಸದು, ಹಿಂದೆ ಸವೆದದ್ದು ಇದ್ದರೆ ಸುತ್ತಳತೆ ಬೇರೆ ಆಗಿ, 4ಎಚ್‌ನಲ್ಲಿ ನೇರ ಹೋಗುವಾಗಲೂ ಆ ಮೊದಲು ಹೇಳಿದ ಬಿಗಿತ ಶುರುವಾಗುತ್ತದೆ. ಟೈರುಗಳನ್ನು ಆಗಾಗ ಅದಲು ಬದಲು ಮಾಡಿಸುತ್ತಿರಿ.

ಮಕ್ಕಳು ಹಿಂದೆ ನಿಂತು, ಮೇಲಿನ ಟಾಪ್ ತೆಗೆದು ಹೋಗಬೇಕು ಅಂತಾರೆ?

ಬೇಡ. ಹೊಲದ ದಾರಿಯಲ್ಲೂ ಬೆಲ್ಟ್ ಹಾಕಿಸಿ. ಹಿಂದೆ ಇಟ್ಟ ಜಾಕ್, ಸಲಿಕೆಯನ್ನೂ ಕಟ್ಟಿ, ಗಾಡಿ ಮಗುಚಿದರೆ ಅವೇ ಮೊದಲು ತಲೆಗೆ ಬರುವುದು.

ಹೊಲದಿಂದ ಬಂದ ಮೇಲೆ ಏನು ಮಾಡಬೇಕು?

ಎರೆ ಮಣ್ಣು ಒಣಗುವ ಮೊದಲು ತೊಳೆಯಿರಿ, ಒಣಗಿದರೆ ಸಿಮೆಂಟ್. ರಿಮ್ಮಿನ ಒಳಗಡೆ ಮೆತ್ತಿದ ಮಣ್ಣು ಬಿಟ್ಟರೆ ಹೈವೇಲಿ 80ಕ್ಕೆ ಸ್ಟೇರಿಂಗ್ ಗಡಗಡ ನಡುಗುತ್ತದೆ, ಅಲೈನ್‌ಮೆಂಟ್ ಹೋಗಿದೆ ಅಂತ ಸುಮ್ನೆ ದುಡ್ಡು ಕೊಟ್ಟು ಬರುತ್ತೀರಿ. ರೇಡಿಯೇಟರ್ ಜಾಲರಿಯಲ್ಲಿ ಹುಲ್ಲಿನ ಬೀಜ ತುಂಬಿದ್ದರೆ ತೆಗೆಯಿರಿ. ಏರ್ ಫಿಲ್ಟರ್ ಧೂಳಿನ ಕಾಲದಲ್ಲಿ ಸರ್ವಿಸ್ ದಿನದವರೆಗೆ ಕಾಯಬೇಡಿ, ನಡುವೆ ಒಮ್ಮೆ ಬಿಚ್ಚಿ ನೋಡಿ. ನೀರು ದಾಟಿದ್ದರೆ ಡಿಫರೆನ್ಶಿಯಲ್ ಆಯಿಲ್ ಸ್ವಲ್ಪ ತೆಗೆಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಒಳಗೆ ನೀರು ಸೇರಿದೆ, ಅವತ್ತೇ ಬದಲಿಸಿ.